ವಿಷದ ಮುಳ್ಳಿನ ಮೀನು ಸಾಕುವವರಿಗೆ

ಕೇಳುಗರೇ, ನಮಸ್ಕಾರ.

ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಕಣ್ಣು ಒಂದಲ್ಲ ಒಂದು ದಿನ ಲಯನ್‌ಫಿಶ್ ಮೇಲೆ ಬೀಳುತ್ತದೆ. ಕೆಂಪು-ಬಿಳಿ ಪಟ್ಟೆ, ಬೀಸಣಿಗೆಯಂತೆ ಹರಡಿದ ರೆಕ್ಕೆ, ಅವಸರವೇ ಇಲ್ಲದ ಈಜು. ಜನ ಹೆದರುವುದು ಆ ಅಗಲದ ರೆಕ್ಕೆ ಕಂಡು. ಆದರೆ ಅದರಲ್ಲಿ ವಿಷವೇ ಇಲ್ಲ! ವಿಷ ಇರುವುದು ಮುಳ್ಳುಗಳಲ್ಲಿ. ಬೆನ್ನ ಮೇಲೆ ಸಾಮಾನ್ಯವಾಗಿ 13, ಹೊಟ್ಟೆಯ ಕೆಳಗೆ 2, ಬಾಲದ ಹತ್ತಿರ ಅಡಿಯಲ್ಲಿ 3. ಮುಳ್ಳು ಚುಚ್ಚಿದಾಗ ಅದರ ಮೇಲಿನ ತೆಳು ಚರ್ಮ ಸರಿದು ವಿಷ ಗಾಯಕ್ಕೆ ಇಳಿಯುತ್ತದೆ.

ಅದು ಬೇಟೆಗೆ ಈ ವಿಷ ಬಳಸುವುದಿಲ್ಲ. ಇದು ತನ್ನನ್ನು ಕಾಪಾಡಿಕೊಳ್ಳಲು ಮಾತ್ರ. ಹಾಗಾಗಿ ಮನೆಯಲ್ಲಿ ಚುಚ್ಚಿಸಿಕೊಳ್ಳುವವರು ಹೆಚ್ಚಾಗಿ ತೊಟ್ಟಿ ತೊಳೆಯುವವರೇ. ಪಾಚಿ ಉಜ್ಜುತ್ತಾ, ಕಲ್ಲು ಸರಿಸುತ್ತಾ ಗಮನ ಬೇರೆಲ್ಲೋ ಇರುತ್ತದೆ. ಮೀನು ಮೂಲೆಯಲ್ಲಿ ಸುಮ್ನೆ ನಿಂತಿರುತ್ತದೆ. ಕೈ ಹತ್ತಿರ ಬಂದರೂ ಓಡದೆ, ಬೆನ್ನಿನ ಮುಳ್ಳು ನಮ್ಮ ಕಡೆ ತಿರುಗಿಸುತ್ತದೆ. ಆದ್ದರಿಂದ ಮೀನು ಎಲ್ಲಿದೆ ಅಂತ ನೋಡದೆ ನೀರಿಗೆ ಕೈ ಹಾಕಬೇಡಿ. ಉದ್ದ ಹಿಡಿಯ ಬ್ರಷ್ ಬಳಸಿ. ಊಟವನ್ನೂ ಉದ್ದನೆಯ ಇಕ್ಕಳದಲ್ಲೇ ಕೊಡಿ. ಹಿಡಿಯಬೇಕಾದರೆ ಬಲೆ ಬೇಡ, ಮುಳ್ಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮೆಲ್ಲಗೆ ಓಡಿಸಿ. ಸತ್ತ ಮೀನನ್ನೂ ಬರಿಗೈಯಲ್ಲಿ ಎತ್ತಬೇಡಿ, ಅದರ ಮುಳ್ಳೂ ಚುಚ್ಚುತ್ತದೆ.

ನನ್ನನ್ನು ಕೇಳಿದರೆ, ಲಯನ್‌ಫಿಶ್‌ಗಿಂತ ಫಾಕ್ಸ್‌ಫೇಸ್ ವಿಷಯದಲ್ಲೇ ಮೈಮರೆಯುವವರು ಜಾಸ್ತಿ. ಹಳದಿ ಮೈ, ಪಾಚಿ ತಿನ್ನುವ ಸಾಧು ಮೀನು. ಆದರೆ ಅದರ ಮುಳ್ಳಲ್ಲೂ ವಿಷವಿದೆ. ಸ್ಟೋನ್‌ಫಿಶ್ ಮಾತ್ರ ಮನೆಗೆ ಬೇಡವೇ ಬೇಡ. ಕಲ್ಲಿನ ನಡುವೆ ಕಲ್ಲಾಗಿಯೇ ಕೂರುವ ಅದರ ವಿಷ ಪ್ರಾಣಕ್ಕೇ ಕುತ್ತು ತರಬಹುದು.

ಲಯನ್‌ಫಿಶ್ ಒಂದು ಅಡಿಗೂ ಮೀರಿ ಬೆಳೆಯುತ್ತದೆ, ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಸಾಕಲಾಗದಿದ್ದರೆ ಸಮುದ್ರಕ್ಕೆ ಬಿಡುವ ಯೋಚನೆ ಬೇಡ. 1985ರಲ್ಲಿ ಫ್ಲೋರಿಡಾ ಕರಾವಳಿಯಲ್ಲಿ ಮೊದಲು ಕಂಡ ಈ ಮೀನು, ಅಲ್ಲಿನದೇ ಅಲ್ಲದಿದ್ದರೂ, ಇಂದು ಕೆರಿಬಿಯನ್ ತುಂಬ ಹರಡಿ ಅಲ್ಲಿನ ಮರಿಮೀನುಗಳನ್ನು ತಿಂದುಹಾಕುತ್ತಿದೆ. ಅಕ್ವೇರಿಯಂಗಳಿಂದ ಬಿಟ್ಟ ಮೀನುಗಳೇ ಇದಕ್ಕೆ ಮೂಲ ಎನ್ನುತ್ತಾರೆ ತಿಳಿದವರು.

ಇನ್ನು, ಚುಚ್ಚಿಬಿಟ್ಟರೆ? ನೋವು ಕೂಡಲೇ ಏರುತ್ತದೆ, ಕೈ ಊದುತ್ತದೆ. ಉಂಗುರವಿದ್ದರೆ ಮೊದಲು ತೆಗೆಯಿರಿ. ಐಸ್ ಇಡಬೇಡಿ. ಈ ವಿಷ ಪ್ರೋಟೀನಿನದು, ಬಿಸಿಗೆ ಕೆಡುತ್ತದೆ. ಸುಮಾರು 45 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿನೀರಿನಲ್ಲಿ ಕೈಯನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ. ಬಿಸಿ ಎಷ್ಟಿದೆ ಅಂತ ನೋಡುವುದು ಚೆನ್ನಾಗಿರುವ ಕೈಯಿಂದ. ನೋಯುವ ಕೈಗೆ ಅಂದಾಜು ಸಿಗದೆ ಸುಟ್ಟೀತು. ಆಮೇಲೆ ವೈದ್ಯರಿಗೆ ತೋರಿಸಿ, ಮುರಿದ ಮುಳ್ಳು ಒಳಗೆ ಉಳಿದಿರಬಹುದು. ಉಸಿರಾಟ ಕಷ್ಟವಾದರೆ, ತಲೆ ಸುತ್ತಿದರೆ, ವಾಂತಿಯಾದರೆ ಬಿಸಿನೀರು ಅಂತ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಿ. ಯಾವ ಮೀನು ಚುಚ್ಚಿತೆಂದು ಅಲ್ಲಿ ಹೇಳಬೇಕಾಗುತ್ತದೆ. ಅದರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಇವತ್ತೇ ತೊಟ್ಟಿಯ ಪಕ್ಕ ಅಂಟಿಸಿಡಿ. ನೀವಿಲ್ಲದಾಗ ಮೀನು ನೋಡಿಕೊಳ್ಳುವವರಿಗೂ ಅದು ಬೇಕು.

ನಮಸ್ಕಾರ.