20 ಡಿಗ್ರಿಯ ನೀರು, ಮುಂಬಯಿಯ ಗಾಳಿ

ಮಾಟುಂಗದ ಈ ಸಭೆಗೆ ಮಳೆಯನ್ನೂ ಲೆಕ್ಕಿಸದೆ ಬಂದಿರುವ ಹಿರಿಯರಿಗೂ ಸ್ನೇಹಿತರಿಗೂ ನನ್ನ ನಮಸ್ಕಾರಗಳು.

ಕಪ್ಪು-ಬಿಳುಪು ಫಿಲ್ಮನ್ನು ಸಂಸ್ಕರಿಸುವ ಬಗ್ಗೆ ಯಾವ ಪುಸ್ತಕವನ್ನು ತೆರೆದರೂ ಒಂದು ಅಂಕಿ ತಪ್ಪದೆ ಎದುರಾಗುತ್ತದೆ: 20 ಡಿಗ್ರಿ ಸೆಲ್ಸಿಯಸ್. ಚಿತ್ರವನ್ನು ಮೂಡಿಸುವ ದ್ರಾವಣವಾದ ಡೆವಲಪರ್ ಈ ಉಷ್ಣತೆಯಲ್ಲಿದ್ದರೆ ಇಂಥ ಫಿಲ್ಮಿಗೆ ಇಷ್ಟು ನಿಮಿಷ ಎಂಬ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಮುಲುಂಡಿನಲ್ಲಿರುವ ನಮ್ಮ ಕಟ್ಟಡದ ಮೇಲಿನ ಟ್ಯಾಂಕಿಯಿಂದ ಮೇ ತಿಂಗಳ ಮಧ್ಯಾಹ್ನ ನಲ್ಲಿಗೆ ಇಳಿದು ಬಂದ ನೀರಿನಲ್ಲಿ ನಾನು ಥರ್ಮಾಮೀಟರ್ ಇಟ್ಟಾಗ ಅದು 33 ಡಿಗ್ರಿ ತೋರಿಸಿತ್ತು. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಈ ಹವ್ಯಾಸದಲ್ಲಿ ನಾನು ಕಲಿತದ್ದರಲ್ಲಿ ಬಹುಪಾಲು ಆ 13 ಡಿಗ್ರಿಗಳ ಅಂತರವನ್ನು ದಾಟುವ ವಿದ್ಯೆಯೇ ಆಗಿದೆ. ಇವತ್ತು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಮೊದಲು, ಫಿಲ್ಮನ್ನು ಇಟ್ಟು ದ್ರಾವಣ ಸುರಿಯುವ, ನಾವು ಟ್ಯಾಂಕ್ ಎನ್ನುವ ಡಬ್ಬಿಯೊಳಗೆ ನಡೆಯುವುದೇನು ಎಂಬುದನ್ನು ಹೇಳಬೇಕು. ಫಿಲ್ಮಿನ ಮೇಲೆ ಜಿಲೆಟಿನ್‌ನ ತೆಳುವಾದ ಲೇಪವಿದ್ದು, ಅದರೊಳಗೆ ಬೆಳ್ಳಿಯ ಹ್ಯಾಲೈಡ್ ಹರಳುಗಳು ಹರಡಿಕೊಂಡಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದು ಕಡೆ ಕೂಡಿಕೊಳ್ಳುತ್ತವೆ. ಆಗಲೇ ತೆರೆದು ನೋಡಿದರೂ ಕಣ್ಣಿಗೆ ಏನೂ ಕಾಣದಷ್ಟು ಸಣ್ಣ ಬದಲಾವಣೆ ಅದು. ಡೆವಲಪರ್ ಅಂಥ ಹರಳನ್ನು ಇಡಿಯಾಗಿ ಕಪ್ಪು ಬೆಳ್ಳಿಯಾಗಿ ಮಾಡುತ್ತದೆ, ಬೆಳಕು ತಾಗದ ಹರಳುಗಳನ್ನು ಫಿಕ್ಸರ್ ಕರಗಿಸಿ ತೆಗೆಯುತ್ತದೆ. ಹೈಪೋ ಎಂಬ ಲವಣಕ್ಕೆ ಈ ಗುಣವಿದೆ ಎಂದು ಜಾನ್ ಹರ್ಷೆಲ್ 1819ರಷ್ಟು ಹಿಂದೆಯೇ ಕಂಡುಕೊಂಡಿದ್ದರು. ಛಾಯಾಚಿತ್ರಕ್ಕೆ ಅದು ಒದಗಿ ಬಂದದ್ದು 1839ರಲ್ಲಿ. ಇಂದಿನ ವೇಗದ ಫಿಕ್ಸರ್‌ನಲ್ಲಿರುವ ಲವಣ ಬೇರೆಯಾದರೂ ನಮ್ಮಂಥವರ ಬಾಯಲ್ಲಿ ಅದು ಈಗಲೂ ಹೈಪೋ.

ಸೆಖೆಯಿಂದ ಎರಡು ತೊಂದರೆಗಳಿವೆ. ಬಿಸಿಯಾದ ಡೆವಲಪರ್ ಅವಸರದಲ್ಲಿ ಕೆಲಸ ಮಾಡುತ್ತದೆ. ಎಚ್‌ಪಿ5 ಫಿಲ್ಮಿಗೆ ಐಡಿ-11 ಡೆವಲಪರನ್ನು ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ಬೇಕು. ಉಷ್ಣತೆ ಏರುತ್ತಾ ಹೋದಂತೆ ಅದು ಐದು ನಿಮಿಷಕ್ಕಿಂತ ಕೆಳಗಿಳಿಯುತ್ತದೆ. ಅಷ್ಟು ಕಡಿಮೆ ಅವಧಿಯಲ್ಲಿ ದ್ರಾವಣವನ್ನು ಸುರಿಯುವುದಕ್ಕೂ ಚೆಲ್ಲುವುದಕ್ಕೂ ಹಿಡಿಯುವ ಸೆಕೆಂಡುಗಳೇ ದೊಡ್ಡದಾಗಿ, ಆಕಾಶದಂಥ ಸಮನಾದ ಜಾಗಗಳಲ್ಲಿ ಪಟ್ಟೆಪಟ್ಟೆಯಾಗಿ ಕಲೆ ಕಾಣಿಸುತ್ತದೆ. ಎರಡನೆಯದಾಗಿ, ಬೆಚ್ಚನೆಯ ನೀರಿನಲ್ಲಿ ಜಿಲೆಟಿನ್ ಉಬ್ಬಿ ಮೆತ್ತಗಾಗುತ್ತದೆ. ನನ್ನ ಮೊದಲ ವರ್ಷದ ಒಂದು ರೋಲಿನಲ್ಲಿ, ಸಸೂನ್ ಡಾಕಿನ ಮೀನುಗಾರ ಹೆಂಗಸರ ಚಿತ್ರಗಳ ನಡುವೆ, ನನ್ನ ಹೆಬ್ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಮೂಡಿ ನಿಂತಿವೆ.

ಕೊನೆಗೆ ನಾನು 20 ಡಿಗ್ರಿಯನ್ನು ಕೈಬಿಟ್ಟು 24ನ್ನು ಹಿಡಿದುಕೊಂಡೆ. ಐಡಿ-11ಗೆ ಅದರಷ್ಟೇ ನೀರು ಬೆರೆಸಿದರೆ 20 ಡಿಗ್ರಿಯಲ್ಲಿ 13 ನಿಮಿಷ ಬೇಕಾಗುತ್ತದೆ, 24ರಲ್ಲಿ ಸುಮಾರು 9 ನಿಮಿಷ. ಇದು ಅವಸರವಿಲ್ಲದೆ ಕೆಲಸ ಮಾಡುವುದಕ್ಕೆ ಸಾಕಾಗುವಷ್ಟು ಸಮಯ. ಬೆರೆಸುವ ನೀರು ಫ್ರಿಜ್ಜಿನ ಬಾಟಲಿಯದು. ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, ಮಂಜುಗಡ್ಡೆಯ ತುಂಡುಗಳನ್ನು ಒಂದೊಂದಾಗಿ ಹಾಕುತ್ತಾ 24ಕ್ಕೆ ತಂದು, ಡೆವಲಪರ್, ಅದರ ಕೆಲಸವನ್ನು ನಿಲ್ಲಿಸುವ ಸ್ಟಾಪ್ ಬಾತ್, ಫಿಕ್ಸರ್, ತೊಳೆಯುವ ನೀರು ಎಲ್ಲದರ ಬಾಟಲಿಗಳನ್ನೂ ಅದರಲ್ಲೇ ನಿಲ್ಲಿಸುತ್ತೇನೆ. ಟ್ಯಾಂಕನ್ನು ನಿಮಿಷಕ್ಕೊಮ್ಮೆ ಎತ್ತಿ, ನಾಲ್ಕು ಸಲ ತಲೆಕೆಳಗು ಮಾಡಿ, ಮತ್ತೆ ಟಬ್ಬಿಗೇ ಇಳಿಸುತ್ತೇನೆ. ಹೊರಗೆ ಇಟ್ಟರೆ ಈ ಊರಿನಲ್ಲಿ 9 ನಿಮಿಷದೊಳಗೆ ಅದು ಬಿಸಿಯೇರದೆ ಇರುವುದಿಲ್ಲ. ತೊಳೆಯುವುದಕ್ಕೆ ಹರಿಯುವ ನೀರು ಬೇಕೇ ಬೇಕೆಂದೇನೂ ಇಲ್ಲ. ಟ್ಯಾಂಕಿಗೆ ನೀರು ತುಂಬಿ ಐದು ಸಲ, ಹೊಸ ನೀರು ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ ತಲೆಕೆಳಗು ಮಾಡಿದರೆ ಸಾಕು ಎಂದು ಫಿಲ್ಮು ತಯಾರಿಸುವ ಇಲ್ಫರ್ಡ್ ಕಂಪೆನಿಯೇ ಹೇಳುತ್ತದೆ. ಒಂದು ರೋಲಿಗೆ ಒಂದು ಲೀಟರು ನೀರೂ ಖರ್ಚಾಗುವುದಿಲ್ಲ. ಬೆಳಗ್ಗೆ ಗಂಟೆಯ ಲೆಕ್ಕದಲ್ಲಿ ನೀರು ಬರುವ ಮನೆಗಳಲ್ಲಿ ಇರುವ ನಮಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಈ ಹೋರಾಟ ನನ್ನಿಂದ ಆರಂಭವಾದುದಲ್ಲ. ಇದೇ ಊರಿನಲ್ಲಿ 1854ರಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಆಫ್ ಬಾಂಬೆ ಹುಟ್ಟಿಕೊಂಡಿತು. ಡಾಕ್ಟರ್ ಭಾವೂ ದಾಜಿ ಲಾಡ್ ಅವರ ತಮ್ಮ ನಾರಾಯಣ ದಾಜಿ ಅದರ ಸದಸ್ಯರಾಗಿದ್ದರು. ಆ ಕಾಲಕ್ಕೆ ಬಳಕೆಗೆ ಬಂದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ಲೇಪ ಹಚ್ಚಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಹಸಿಯಾಗಿರುವಾಗಲೇ ಸಂಸ್ಕರಿಸಬೇಕಾಗಿತ್ತು. ಬಿಸಿಲಿನ ಊರಿನಲ್ಲಿ ಫಲಕ ಒಣಗುವುದಕ್ಕೆ ಎಷ್ಟು ಹೊತ್ತು ಬೇಕು? ಅವರು ಕತ್ತಲ ಡೇರೆಯೊಳಗೆ ಬೆವರುತ್ತಾ ಮಾಡಿದ ಕೆಲಸವನ್ನು ನೆನೆದಾಗಲೆಲ್ಲ ನನ್ನ ಟಬ್ಬು ಮತ್ತು ಮಂಜುಗಡ್ಡೆ ಬಹಳ ದೊಡ್ಡ ಸೌಕರ್ಯವಾಗಿ ಕಾಣುತ್ತವೆ.

ಮಳೆಗಾಲದ್ದು ಬೇರೆಯೇ ಕಥೆ. ಫಿಲ್ಮಿಗೆ ಎಲ್ಲ ಬಣ್ಣದ ಬೆಳಕೂ ತಾಗುವುದರಿಂದ ಕೆಂಪು ದೀಪದಲ್ಲೂ ಅದನ್ನು ಬಿಚ್ಚುವಂತಿಲ್ಲ. ಎರಡು ತೋಳುಗಳಿರುವ ಕಪ್ಪು ಚೀಲದೊಳಗೆ ಕೈ ತೂರಿಸಿ, ಬರೀ ಬೆರಳಿನ ಅಂದಾಜಿನಲ್ಲಿ ಅದನ್ನು ಪ್ಲಾಸ್ಟಿಕ್ ರೀಲಿಗೆ ಸುತ್ತಬೇಕು. ಜುಲೈ ತಿಂಗಳಲ್ಲಿ ಎರಡು ನಿಮಿಷ ಕಳೆಯುವಷ್ಟರಲ್ಲಿ ಆ ಚೀಲದೊಳಗೆ ಬೆವರು ತುಂಬಿಕೊಳ್ಳುತ್ತದೆ, ಫಿಲ್ಮು ರೀಲಿನ ತೋಡಿಗೆ ಅಂಟಿಕೊಂಡು ಮುಂದೆ ಸರಿಯುವುದೇ ಇಲ್ಲ. ಒತ್ತಾಯಿಸಿದರೆ ಮಡಚಿದಲ್ಲಿ ಅರ್ಧಚಂದ್ರದ ಗುರುತು ಬೀಳುತ್ತದೆ. ಎರಡು ಸುತ್ತುಗಳು ಒಂದಕ್ಕೊಂದು ತಾಗಿದಲ್ಲಿ ಡೆವಲಪರ್ ಹೋಗದೆ ಚಿತ್ರವೇ ಇಲ್ಲವಾಗುತ್ತದೆ. ಹೀಗೆ ನಾನು ಕಳೆದುಕೊಂಡ ಒಂದು ರೋಲಿನಲ್ಲಿ ನನ್ನ ಅಮ್ಮ ಮುಂಬಯಿಗೆ ಕೊನೆಯ ಸಲ ಬಂದಾಗ ತೆಗೆದ ಹನ್ನೊಂದು ಚಿತ್ರಗಳಿದ್ದವು. ಅಂದಿನಿಂದ ಹಿಂದಿನ ರಾತ್ರಿಯೇ ರೀಲನ್ನು ಒಣಗಿಸಿ, ಬೆಳಗಿನ ಜಾವ, ಏಸಿ ಹಾಕಿದ ಕೋಣೆಯಲ್ಲಿ ಮಾತ್ರ ಫಿಲ್ಮನ್ನು ಸುತ್ತುತ್ತೇನೆ. ಬೂಷ್ಟು ಹಿಡಿಯುವುದೂ ಈ ಕಾಲದಲ್ಲೇ, ಏಕೆಂದರೆ ಜಿಲೆಟಿನ್ ಬೂಷ್ಟಿಗೆ ಒಳ್ಳೆಯ ಆಹಾರ. ನೆಗೆಟಿವ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡಿ, ಬೀರುವಿನ ಬಟ್ಟೆಗಳ ನಡುವೆ ಮಾತ್ರ ಇಡಬೇಡಿ.

ಇಷ್ಟೆಲ್ಲ ಕಷ್ಟಕ್ಕೆ ಪ್ರತಿಯಾಗಿ ಸಿಗುವುದೇನು ಎಂದು ಕೇಳುವವರಿಗೆ ನಾನು ಒಂದು ಚಿತ್ರವನ್ನು ತೋರಿಸುತ್ತೇನೆ. ಇಲ್ಲಿಂದ ನಡೆದುಹೋಗುವಷ್ಟು ಹತ್ತಿರದ ಒಂದು ಉಡುಪಿ ಹೋಟೆಲಿನ ಅಡುಗೆಮನೆ ಅದು. ದಶಕಗಳ ಹೊಗೆ ಕುಡಿದು ಕಪ್ಪಾದ ಗೋಡೆ, ಕಿಟಕಿಯ ಬಿಸಿಲಿನಲ್ಲಿ ಬಿಳಿಯ ಬನಿಯನ್ ತೊಟ್ಟು ಇಡ್ಲಿಯ ಅಟ್ಟ ತೆರೆಯುತ್ತಿರುವ ಭಟ್ಟರು, ಮೇಲೇಳುವ ಹಬೆ. "ಇಲ್ಲಿ ಎಂತ ಕಾಣ್ತದೆ ಮಾರಾಯ್ರೆ, ಎಲ್ಲ ಕಪ್ಪೇ ಅಲ್ವಾ?" ಎಂದು ಅವರು ಕೇಳಿದ್ದರು. ಬೆಳಕಿನ ಮೀಟರ್ ತನಗೆ ಎದುರಾದ ಯಾವುದನ್ನಾದರೂ ನಡುಬೂದು ಬಣ್ಣವೆಂದೇ ಭಾವಿಸುತ್ತದೆ. ಕಪ್ಪು ಗೋಡೆಗೆ ಹಿಡಿದಾಗ ಅದು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಹೊತ್ತು ಬೆಳಕು ಬೇಕು ಎಂದಿತು. ಗೋಡೆ ಕಪ್ಪಾಗಿಯೇ ಉಳಿಯಬೇಕು, ಆದರೆ ಅದರ ವಿವರವೂ ಉಳಿಯಬೇಕು ಎಂದು ಎರಡು ಸ್ಟಾಪು, ಅಂದರೆ ಬೆಳಕನ್ನು ಎರಡು ಸಲ ಅರ್ಧಕ್ಕೆ, ಇಳಿಸಿ ಮೂವತ್ತನೆಯ ಒಂದು ಭಾಗಕ್ಕೆ ತಂದೆ. 400 ವೇಗದ ಆ ಫಿಲ್ಮನ್ನು, ಅದಕ್ಕೆ ಇಮ್ಮಡಿ ಬೆಳಕು ಸಿಗಲೆಂದು, ನಾನು ಮೊದಲೇ 200 ಎಂದು ಎಣಿಸಿಕೊಂಡಿದ್ದೆ. ಬನಿಯನ್ ಮತ್ತು ಹಬೆ ಬರೀ ಬಿಳಿಯಾಗಿ ಕಳೆದುಹೋಗದಿರಲೆಂದು ಡೆವಲಪ್ ಮಾಡುವಾಗ 9 ನಿಮಿಷವನ್ನು 7ಕ್ಕೆ ಇಳಿಸಿದೆ. ನೆರಳಿನ ವಿವರ ಬೇಕಾದರೆ ಬೆಳಕು ಕೊಡುವಾಗಲೇ ಕೊಡಬೇಕು, ಬಿಳಿಯನ್ನು ಹಿಡಿತದಲ್ಲಿಡುವುದು ಟ್ಯಾಂಕಿನೊಳಗಿನ ನಿಮಿಷಗಳ ಕೆಲಸ. ಉಷ್ಣತೆ ಎರಡು ಡಿಗ್ರಿ ಜಾರಿದರೂ ಆ ಹಿಡಿತ ತಪ್ಪುತ್ತದೆ; ಮಂಜುಗಡ್ಡೆಯ ತುಂಡುಗಳನ್ನು ನಾನು ಅಷ್ಟು ಶ್ರದ್ಧೆಯಿಂದ ಎಣಿಸಿ ಹಾಕುವುದು ಇದಕ್ಕಾಗಿ.

ಆ ಚಿತ್ರದ ಪ್ರಿಂಟನ್ನೂ ನೆಗೆಟಿವನ್ನೂ ಈ ಮೇಜಿನ ಮೇಲೆ ಇಟ್ಟಿದ್ದೇನೆ. ದಯವಿಟ್ಟು ಅಂಚಿನಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡಿ. ನೆಗೆಟಿವ್‌ನಲ್ಲಿ ಭಟ್ಟರ ಬನಿಯನ್ ದಟ್ಟ ಕಪ್ಪಾಗಿದೆ, ಗೋಡೆ ಹೆಚ್ಚುಕಡಿಮೆ ಗಾಜಿನಂತೆ ತಿಳಿಯಾಗಿದೆ. ಆ ತಿಳಿಯಾದ ಜಾಗದ ಎಡಮೂಲೆಯಲ್ಲಿ, ಮೊಳೆಗೆ ತೂಗುಹಾಕಿದ ಒಂದು ಸೌಟಿನ ಹಿಡಿಕೆಯೂ ಅದರ ಕೊನೆಗೆ ಸುತ್ತಿದ ಬಟ್ಟೆಯ ಗಂಟೂ ಕಾಣುತ್ತವೆ.