ಗ್ರಾಹಕರನ್ನು ಅಳಿಸಿದರೆ ಬಿಲ್ ಎಲ್ಲಿಗೆ ಹೋಗುತ್ತದೆ? ಜಾಂಗೋದ ಆನ್_ಡಿಲೀಟ್

ನಮಸ್ಕಾರ. ಜಾಂಗೋ ಅಂದರೆ ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್. ಹಳೇ ಜಾಂಗೋ ಪ್ರಾಜೆಕ್ಟನ್ನು ಹೊಸ ವರ್ಷನ್‌ಗೆ ತರುವಾಗ ಒಂದು ಎರರ್ ಎದುರಾಗುತ್ತದೆ: ‘ಆನ್_ಡಿಲೀಟ್’ ಕೊಟ್ಟಿಲ್ಲ. ಅಂದರೆ, ಒಂದು ಸಾಲನ್ನು ಅಳಿಸಿದರೆ ಅದಕ್ಕೆ ಅಂಟಿದ ಸಾಲುಗಳನ್ನು ಏನು ಮಾಡಬೇಕು ಅಂತ ಹೇಳಿಲ್ಲ. ಎಷ್ಟೋ ಜನ ಎಲ್ಲ ಫಾರಿನ್ ಕೀಗೂ ಸುಮ್ನೆ ‘ಕ್ಯಾಸ್ಕೇಡ್’ (ಜೊತೆಗೆ ಅಂಟಿದ್ದನ್ನೂ ಅಳಿಸು) ಅಂತ ಪೇಸ್ಟ್ ಮಾಡಿ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಫಾರಿನ್ ಕೀ ಗೊತ್ತಲ್ವಾ? ಈ ಬಿಲ್ ಯಾವ ಗ್ರಾಹಕರದ್ದು ಅಂತ ತೋರಿಸುವ ಕೊಂಡಿ. ಆ ಗ್ರಾಹಕರನ್ನೇ ಅಳಿಸಿದರೆ? ಹಳೇ ಜಾಂಗೋದಲ್ಲಿ ಅದು ಕುಂಬಳಬಳ್ಳಿ ಕಿತ್ತ ಹಾಗೆ. ಬುಡ ಎಳೆದರೆ ಹೂವು, ಹೀಚು, ಕಾಯಿ ಎಲ್ಲ ಜೊತೆಗೇ ಬರುತ್ತಿತ್ತು. ಬೇರೆ ದಾರಿ ಆರಿಸುವ ಅವಕಾಶ ಬಂದದ್ದು 2011ರಲ್ಲಿ, ಜಾಂಗೋ 1.3 ವರ್ಷನ್ ಜೊತೆ. ಆನ್_ಡಿಲೀಟ್ ಬರೆಯದಿದ್ದರೆ 2015ರ 1.9 ಎಚ್ಚರಿಕೆ ಕೊಡತೊಡಗಿತು. 2017ರ 2.0ರಿಂದ ಅದನ್ನು ಬರೆಯದೆ ಕೋಡ್ ಓಡುವುದೇ ಇಲ್ಲ. ಹಳೇ ಕೋಡ್ ಮುರಿದರೂ ಇದು ಒಳ್ಳೇ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ.

ಈಗ ನನಗೆ ತುಂಬಾ ಇಷ್ಟವಾದ ಭಾಗ.

ಪರದೆಯ ಮೇಲೆ: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಟರ್ಮಿನಲ್.

ಮಾಡೆಲ್‌ನಲ್ಲಿ, ಅಂದರೆ ಟೇಬಲ್ ಹೇಗಿರಬೇಕು ಅಂತ ಹೇಳುವ ಪೈಥಾನ್ ಕೋಡ್‌ನಲ್ಲಿ, ಕ್ಯಾಸ್ಕೇಡ್ ಇದೆ. ಜಾಂಗೋ ಬಿಟ್ಟು ನೇರ ಇಲ್ಲಿ ಬಂದು, ಟ್ರಾನ್ಸಾಕ್ಷನ್ ಶುರು ಮಾಡಿ, ಬಿಲ್ ಇರುವ ಒಬ್ಬ ಗ್ರಾಹಕರನ್ನು ಅಳಿಸುತ್ತೇನೆ. ನೋಡಿ, ‘ಡಿಲೀಟ್ 1’ ಅಂತ ಬಂತು. ಕೆಲಸ ಆಯ್ತು ಅನ್ನಿಸುತ್ತದೆ. ಈಗ ಬದಲಾವಣೆ ಖಾಯಂ ಮಾಡುವ ಕಮಿಟ್... ಎರರ್! ಬಿಲ್ ಇನ್ನೂ ಇದೆ, ಅಳಿಸಲಾಗದು ಅನ್ನುತ್ತಿದೆ. ಯಾಕೆ? ನಾವು ಬರೆದ ಕ್ಯಾಸ್ಕೇಡ್ ಡೇಟಾಬೇಸ್‌ಗೆ ಹೋಗಿಯೇ ಇಲ್ಲ! ಯಾವ ಸಾಲಿಗೆ ಯಾವುದು ಅಂಟಿದೆ ಅಂತ ಹುಡುಕಿ, ಒಟ್ಟುಮಾಡಿ, ಅಳಿಸುವುದೆಲ್ಲ ಪೈಥಾನ್ ಕಡೆಯೇ. ಡೇಟಾಬೇಸ್‌ನಲ್ಲಿ ಇರುವುದು ಕೊಂಡಿ ಸರಿಯಿದೆಯಾ ಎಂಬ ತಪಾಸಣೆ ಮಾತ್ರ, ಅದನ್ನೂ ಜಾಂಗೋ ಕಮಿಟ್‌ವರೆಗೆ ಮುಂದೂಡಿ ಇಟ್ಟಿರುತ್ತದೆ.

ಇದರಿಂದ ಹಳೇ ಕೋಡ್ ತಿದ್ದುವ ಕೆಲಸಕ್ಕೆ ದೊಡ್ಡ ಅನುಕೂಲ ಇದೆ. ಟೇಬಲ್ ಬದಲಾವಣೆಗಳನ್ನು ಬರೆದಿಟ್ಟ ಹಳೇ ಮೈಗ್ರೇಷನ್ ಫೈಲ್‌ಗಳಲ್ಲೂ ಆನ್_ಡಿಲೀಟ್ ಸೇರಿಸಬೇಕು. ಅಲ್ಲಿ ಹಿಂದಿನಂತೆ ಕ್ಯಾಸ್ಕೇಡ್ ಅಂತ ಧೈರ್ಯವಾಗಿ ಬರೆಯಿರಿ, ಟೇಬಲ್ ಅಲುಗಾಡುವುದಿಲ್ಲ. ಯೋಚನೆ ಬೇಕಾದದ್ದು ಮಾಡೆಲ್‌ಗಳಲ್ಲಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಬಿಲ್, ಹಣದ ಲೆಕ್ಕ ಇದ್ದಲ್ಲಿ ‘ಪ್ರೊಟೆಕ್ಟ್’ ಹಾಕಿ, ಬಿಲ್ ಇರುವವರೆಗೂ ಗ್ರಾಹಕರನ್ನು ಅಳಿಸಲು ಬಿಡುವುದಿಲ್ಲ. ಬರೆದವರು ಹೋದರೂ ಲೇಖನ ಉಳಿಯಬೇಕಾದರೆ ‘ಸೆಟ್_ನಲ್’, ಅದು ಕೊಂಡಿಯನ್ನು ಖಾಲಿ ಮಾಡುತ್ತದೆ. ಇದಕ್ಕೆ ಮಾತ್ರ ಆ ಕಾಲಂ ಖಾಲಿ ಇರಬಹುದು ಅಂತ ಡೇಟಾಬೇಸನ್ನೂ ಬದಲಿಸಬೇಕು. 2020ರ 3.1ರಲ್ಲಿ ಬಂದ ‘ರಿಸ್ಟ್ರಿಕ್ಟ್’ಗೆ ಬೇರೆ ವಿಡಿಯೋನೇ ಬೇಕು.

ಇನ್ನೊಂದು. ಜಾಂಗೋ ಜೊತೆಗೇ ಬರುವ ನಿರ್ವಹಣಾ ಪುಟ ‘ಅಡ್ಮಿನ್‌’ನಲ್ಲಿ ಡಿಲೀಟ್ ಒತ್ತಿದಾಗ, ಖಚಿತಪಡಿಸಿ ಎನ್ನುವ ಪುಟದಲ್ಲಿ ಜೊತೆಗೆ ಹೋಗುವವುಗಳ ಪಟ್ಟಿ ಬರುತ್ತದೆ. ಬಳ್ಳಿ ಎಲ್ಲಿವರೆಗೆ ಹಬ್ಬಿದೆ ಅಂತ ಅಲ್ಲೇ ಕಾಣುತ್ತದೆ. ಇವತ್ತೇ ಟೆಸ್ಟ್ ಸರ್ವರ್‌ನಲ್ಲಿ ಆ ಪುಟ ತೆರೆದು, ಕೊನೆಯ ಸಾಲಿನವರೆಗೂ ಓದಿ.