ಮೂರನೇ ಸಿಲಿಂಡರ್ ಯಾಕೆ ಮೊದಲು ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಹಳೇ ಟವೆಲ್ ಹಾಸಿ ಒಂದು ಅಲ್ಯೂಮಿನಿಯಂ ಗಡ್ಡೆ ಇಟ್ಟಿದ್ದೇನೆ. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ. ಗಡ್ಡೆ ಅಂದರೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಡಗಡೆಯ ಸಿಲಿಂಡರ್ ಹೆಡ್ (ಮೂರನೇ, ನಾಲ್ಕನೇ ಸಿಲಿಂಡರಿನ ಮುಚ್ಚಳ), 1964ರ ಮಾಡೆಲ್, 1200 ಸಿಸಿ ಎಂಜಿನ್ನಿನದು. ಡಬ್ಬಿಯಲ್ಲಿರುವುದು ಅದೇ ಎಂಜಿನ್ನಿನ ಮೂರನೇ ಸಿಲಿಂಡರಿನ ಪಿಸ್ಟನ್. ಪಿಸ್ಟನ್ನಿನ ನೆತ್ತಿಗೆ ಎಕ್ಸಾಸ್ಟ್ ವಾಲ್ವಿನ (ಸುಟ್ಟ ಹೊಗೆ ಹೊರಬಿಡುವ ಬಾಗಿಲಿನ) ತಲೆ ಓರೆಯಾಗಿ ನಾಟಿಕೊಂಡಿದೆ, ಹಲಸಿನ ಹಣ್ಣಿಗೆ ಮಚ್ಚು ಕಚ್ಚಿಕೊಂಡ ಹಾಗೆ.

ಕಾರು ನನ್ನ ಸ್ನೇಹಿತರದ್ದು. ಹತ್ತು ವರ್ಷ ಮೈಸೂರಿನೊಳಗೆ ಭಾನುವಾರದ ಸವಾರಿ ಮಾಡಿಕೊಂಡು ಆರಾಮಾಗಿತ್ತು. ಒಂದು ದಿನ ಬೆಂಗಳೂರಿನ ಹೊಸ ಹೆದ್ದಾರಿಗೆ ಹತ್ತಿಸಿದರು. ಮುಕ್ಕಾಲು ಗಂಟೆ ಕಾಲು ತೆಗೆಯದೆ ಒತ್ತಿದ್ದಾರೆ, ಮುಳ್ಳು 110 ದಾಟಿತ್ತಂತೆ. (ಅಲ್ಲಿನ ಮಿತಿ ಎಷ್ಟು ಅನ್ನುವ ಮಾತು ಬೇಡ.) ಆಮೇಲೆ ಫೋನು: "ಸಾರ್, ಟಪ್ ಅಂತು, ಆಮೇಲೆ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಗೆ ಸದ್ದು." ಗಾಡಿ ಎಳೆದು ತಂದ ಮೆಕ್ಯಾನಿಕ್ಕಿನ ತೀರ್ಪು ಇಷ್ಟೆ: "ಇದಕ್ಕೆ ರೇಡಿಯೇಟರ್ರೇ ಇಲ್ವಲ್ಲ ಸಾರ್, ಸ್ಪೀಡ್ ಎಲ್ಲಿ ತಡೆಯುತ್ತೆ?"

ಈ ಮಾತನ್ನು ನಾನು ನೂರು ಸಲ ಕೇಳಿದ್ದೇನೆ, ಒಂದು ಸಲವೂ ಒಪ್ಪಿಲ್ಲ. 1934ರಲ್ಲಿ ಫರ್ಡಿನಾಂಡ್ ಪೋರ್ಷೆ ಈ ಕಾರಿನ ಕೆಲಸ ಹಿಡಿದಾಗ ಅವರ ಮುಂದಿದ್ದ ಷರತ್ತುಗಳಲ್ಲಿ ಒಂದು, ಜರ್ಮನಿಯ ಆಟೊಬಾನ್ ಮೇಲೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಲ್ಲದೆ ಓಡಬೇಕು ಅನ್ನುವುದು. ಇನ್ನೊಂದು, ಗಾಳಿಯಿಂದಲೇ ತಣಿಯಬೇಕು. ಗ್ಯಾರೇಜಿಲ್ಲದ ಬಡವನ ಕಾರು ಹಿಮದಲ್ಲಿ ರಾತ್ರಿಯಿಡೀ ಬೀದಿಯಲ್ಲಿ ನಿಂತರೂ ಹೆಪ್ಪುಗಟ್ಟಿ ಎಂಜಿನ್ ಒಡೆಯುವುದಕ್ಕೆ ಒಳಗೆ ನೀರಿರಬಾರದು. ಎಂಜಿನ್ನಿನ ವಿನ್ಯಾಸ ಫ್ರಾಂಜ್ ರೈಮ್‌ಸ್ಪೀಸ್ ಅವರದ್ದು. ಅದೇ ನಕ್ಷೆ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿಸಿಕೊಂಡು 2003ರವರೆಗೆ, ಮೆಕ್ಸಿಕೋದ ಪ್ವೆಬ್ಲಾದಲ್ಲಿ ಕೊನೆಯ ಬೀಟಲ್ ಹೊರಬರುವವರೆಗೆ ನಡೆಯಿತು. ಎರಡು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚು ಕಾರುಗಳು. ಹೆದ್ದಾರಿಗೆಂದೇ ಹುಟ್ಟಿದ ಎಂಜಿನ್ ಹೆದ್ದಾರಿಯಲ್ಲಿ ಸತ್ತಿತು ಅಂದರೆ ನಡುವೆ ಯಾರೋ ಏನೋ ಮಾಡಿರಬೇಕು.

ಮೈಸೂರಿನವರಿಗೆ ಗಾಳಿಯಲ್ಲಿ ತಣಿಯುವ ಎಂಜಿನ್ ಹೊಸದಲ್ಲ. ನಮ್ಮೂರಿನ ಐಡಿಯಲ್ ಜಾವಾದಲ್ಲಿ ತಯಾರಾದ ಜಾವಾ, ಯೆಜ್ಡಿ ಓಡಿಸಿದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡಾಗ ಕ್ಲಚ್ ಹಿಡಿದವರೂ ಇದ್ದೀರಿ. ಆದರೆ ಬೈಕಿನ ಎಂಜಿನ್ ಬಯಲಲ್ಲಿ ಕೂತಿದೆ, ಓಡಿದಷ್ಟೂ ಗಾಳಿ. ಬೀಟಲ್‌ನ ಎಂಜಿನ್ ಹಿಂದೆ ಡಿಕ್ಕಿಯಂಥ ಗೂಡಿನಲ್ಲಿ ಅಡಗಿದೆ. ರಸ್ತೆಯ ಗಾಳಿ ಅದಕ್ಕೆ ನೇರ ಸಿಗುವುದಿಲ್ಲ. ಜನರೇಟರಿನ ಶಾಫ್ಟಿಗೆ ಕೂಡಿಸಿದ ಒಂದು ಫ್ಯಾನ್, ಅದನ್ನು ತಿರುಗಿಸುವ ಒಂದೇ ಒಂದು ಬೆಲ್ಟ್. ಫ್ಯಾನು ಎಷ್ಟು ಊದಿತೋ ಅಷ್ಟೇ ಪ್ರಸಾದ. ಪೂರ್ತಿ ವೇಗದಲ್ಲಿ ಸೆಕೆಂಡಿಗೆ ಸುಮಾರು 500 ಲೀಟರ್ ಗಾಳಿ.

500 ಲೀಟರ್ ಕೇಳುವುದಕ್ಕೆ ದೊಡ್ಡದು. ಆದರೆ ಒಂದು ಲೀಟರ್ ನೀರು ಹೊತ್ತುಕೊಂಡು ಹೋಗುವ ಬಿಸಿಯನ್ನು ಹೊರುವುದಕ್ಕೆ ಹತ್ತಿರ ಹತ್ತಿರ ಮೂರೂವರೆ ಸಾವಿರ ಲೀಟರ್ ಗಾಳಿ ಬೇಕು. ಕೈಯಲ್ಲಿರುವುದು ಎಷ್ಟು ಬಿಗಿಯಾದ ಲೆಕ್ಕ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ಈಗ ವೇಗಕ್ಕೆ ಬನ್ನಿ. ನಾಲ್ಕನೇ ಗೇರಿನಲ್ಲಿ 80ರಿಂದ 115ಕ್ಕೆ ಏರಿಸಿದರೆ ಎಂಜಿನ್ನಿನ ಸುತ್ತು ಸುಮಾರು ಒಂದೂವರೆ ಪಟ್ಟಾಗುತ್ತದೆ, ಗಾಳಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಎದುರುಗಾಳಿಯನ್ನು ಸೀಳುವುದಕ್ಕೆ ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಸುಮಾರು ಮೂರು ಪಟ್ಟು. ಶಕ್ತಿ ಬೇಕಾದರೆ ಪೆಟ್ರೋಲ್ ಸುಡಬೇಕು. ಸುಟ್ಟ ಪೆಟ್ರೋಲಿನಲ್ಲಿ ಮೂರನೇ ಒಂದು ಪಾಲೂ ಚಕ್ರ ಮುಟ್ಟುವುದಿಲ್ಲ, ಮಿಕ್ಕಿದ್ದೆಲ್ಲ ಬಿಸಿ. ಖರ್ಚು ಮೂರು ಪಟ್ಟು, ಸಂಬಳ ಒಂದೂವರೆ ಪಟ್ಟು. ಯಾವ ಮನೆ ನಡೆಯುತ್ತದೆ?

ಕಾರ್ಖಾನೆಯವರಿಗೆ ಇದು ಗೊತ್ತಿತ್ತು. ಅವರು ಮಾಡಿದ ಉಪಾಯ ನನಗೆ ಇವತ್ತಿಗೂ ಇಷ್ಟ: ಎಂಜಿನ್ನಿನ ಮೂಗನ್ನೇ ಚಿಕ್ಕದು ಮಾಡಿದರು. ಗಾಳಿಗೆ ಪೆಟ್ರೋಲ್ ಬೆರೆಸುವ 28 ಮಿ.ಮೀ. ಸೋಲೆಕ್ಸ್ ಕಾರ್ಬುರೇಟರ್ ಒಂದೇ ಒಂದು. ಅಲ್ಲಿಂದ ಹೆಡ್ಡಿಗೆ ಹೋಗುವ ಕೊಳವೆ ಸಣ್ಣದು, ಉದ್ದ. 3600 ಸುತ್ತಿನ ಹತ್ತಿರ 34 ಅಶ್ವಶಕ್ತಿ ಕೊಡುತ್ತದೆ, ಅದರಾಚೆ ಉಸಿರು ಸಾಲದೆ ತಾನೇ ಸೋಲುತ್ತದೆ. ನೀವು ಎಷ್ಟೇ ತುಳಿದರೂ ಸಪಾಟು ರಸ್ತೆಯಲ್ಲಿ 115ರ ಆಸುಪಾಸಿಗೆ ನಿಲ್ಲುತ್ತಿತ್ತು. ಕಾರಿನ ಗರಿಷ್ಠ ವೇಗವೇ ಅದರ ದಿನವಿಡೀ ಓಡುವ ವೇಗ ಅಂತ ಕಂಪನಿ ಧೈರ್ಯವಾಗಿ ಹೇಳಿಕೊಂಡದ್ದು ಈ ಬಲದ ಮೇಲೆ. ಹಾಸಿಗೆಯ ಉದ್ದ ಅವರೇ ಅಳೆದು, ಕಾಲನ್ನೂ ಅವರೇ ಕಟ್ಟಿಹಾಕಿದ್ದರು.

ನಾವು ಆ ಕಟ್ಟು ಬಿಚ್ಚಿದೆವು. ದೊಡ್ಡ ಬ್ಯಾರೆಲ್ (ಪಿಸ್ಟನ್ ಓಡಾಡುವ ಕೊಳವೆ) ಹಾಕಿ ನಂತರ ಬಂದ 1600 ಸಿಸಿ ಎಂಜಿನ್ನನ್ನು 1776 ಸಿಸಿ ಮಾಡುವುದು, ಜೋಡಿ ಕಾರ್ಬುರೇಟರ್ ಕೂರಿಸುವುದು, ಫ್ಯಾನ್ ಮಾತ್ರ ಅದೇ ಹಳೇದು. ಇದಕ್ಕಿಂತ ತಮಾಷೆ ಒಂದಿದೆ. ಪವರ್ ಪುಲ್ಲಿ ಅಂತ ಹೊಳೆಯುವ ಸಣ್ಣ ಕ್ರ್ಯಾಂಕ್ ಪುಲ್ಲಿ (ಫ್ಯಾನ್ ಬೆಲ್ಟ್ ಎಳೆಯುವ ಎಂಜಿನ್ನಿನ ಗಾಲಿ) ಮಾರುತ್ತಾರೆ. ಪುಲ್ಲಿ ಚಿಕ್ಕದಾದರೆ ಫ್ಯಾನು ನಿಧಾನ, ಫ್ಯಾನು ತಿನ್ನುವ ಶಕ್ತಿ ಉಳಿತಾಯ. ಅರ್ಧ ಕಿಲೋಮೀಟರಿನ ರೇಸಿಗೆ ಸರಿ. ಹೆದ್ದಾರಿಗೆ? ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದ ಹಾಗೆ.

ನನ್ನ ಸ್ನೇಹಿತರು ಇದ್ಯಾವುದನ್ನೂ ಮಾಡಿರಲಿಲ್ಲ, ಪಾಪ. ಅವರ ಎಂಜಿನ್ ಬಿಚ್ಚಿದಾಗ ಕಂಡದ್ದು ಬೇರೆ. ಬ್ಯಾರೆಲ್‌ಗಳ ಕೆಳಗೆ ಕೂರುವ ಎರಡು ತಗಡು ಇರಲಿಲ್ಲ. ಹಿಂದೆ ಯಾರೋ ಬಿಚ್ಚಿ, "ಅಡ್ಡ ಇದೆ, ತೆಗೆದರೆ ಗಾಳಿ ಚೆನ್ನಾಗಿ ಆಡುತ್ತೆ" ಅಂತ ಎಸೆದಿದ್ದಾರೆ. ಆ ತಗಡಿನ ಕೆಲಸವೇ ಅಡ್ಡ ಇರುವುದು. ಮೇಲಿಂದ ಬಂದ ಗಾಳಿ ಬ್ಯಾರೆಲ್ಲಿನ ಮೈಮೇಲಿನ ರೆಕ್ಕೆಗಳ ನಡುವೆ ಸುತ್ತಿ ಅದರ ಹೊಟ್ಟೆಯನ್ನೂ ತಬ್ಬಿ ಹೋಗಲಿ ಅಂತ ಅದನ್ನು ಇಟ್ಟದ್ದು. ಅದಿಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಜಾರಿಕೊಳ್ಳುತ್ತದೆ. ಎಂಜಿನ್ ಗೂಡಿನ ಸುತ್ತಲಿನ ರಬ್ಬರ್ ಪಟ್ಟಿ ಪುಡಿಪುಡಿಯಾಗಿತ್ತು. ಕೆಳಗೆ ಎಕ್ಸಾಸ್ಟಿನ ಹತ್ತಿರ ಕಾದ ಗಾಳಿ ಆ ಸಂದಿಯಿಂದ ಮೇಲೆ ಬಂದು ಮತ್ತೆ ಫ್ಯಾನಿನ ಬಾಯಿಗೇ ಹೋಗುತ್ತಿತ್ತು. ಪ್ಲಗ್ ವೈರಿನ ಬುಡದ ರಬ್ಬರ್ ಟೋಪಿಗಳಲ್ಲಿ ಎರಡು ಮಾಯ, ಅಲ್ಲಿಂದ ಒಂದಿಷ್ಟು ಸೋರಿಕೆ. ಊರೊಳಗೆ 50ರಲ್ಲಿ ಇವೆಲ್ಲ ಮಾಫಿ. 110ರಲ್ಲಿ ಒಂದೂ ಮಾಫಿ ಇಲ್ಲ.

ಸರಿ, ನಾಲ್ಕು ಸಿಲಿಂಡರಿನಲ್ಲಿ ಮೂರನೆಯದೇ ಯಾಕೆ? ಈ ಎಂಜಿನ್ನಿನಲ್ಲಿ ಆಯಿಲ್ ಕೂಲರ್ ಫ್ಯಾನಿನ ತಗಡಿನ ಗೂಡಿನೊಳಗೇ ನಿಂತಿದೆ, ಸರಿಯಾಗಿ ಮೂರನೇ ಸಿಲಿಂಡರಿನ ದಾರಿಗೆ ಅಡ್ಡವಾಗಿ. ಉಳಿದವರಿಗೆ ತಾಜಾ ಗಾಳಿ. ಮೂರನೆಯವನಿಗೆ ಆಯಿಲ್ಲಿನ ಬಿಸಿ ಹೊತ್ತು ಬಂದ ಎಂಜಲು ಗಾಳಿ, ಅದೂ ಕಡಿಮೆ. ಕಂಪನಿಗೂ ಇದು ತಿಳಿಯಿತು. ಬಿಸಿ ತಗ್ಗಲಿ ಅಂತ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಮಿನಲ್ಲೇ ಮೂರನೆಯದರ ಕಿಡಿ ಕೆಲವು ಡಿಗ್ರಿ ತಡವಾಗಿ ಬೀಳುವಂತೆ ತಿದ್ದಿದರು. ಕೊನೆಗೆ 1971ರ ಮಾಡೆಲ್ಲಿಗೆ 1600ರಲ್ಲಿ ಕೂಲರನ್ನೇ ಹೊರಗೆ ಸರಿಸಿ ಪ್ರತ್ಯೇಕ ಗೂಡು ಕಟ್ಟಿ, ಫ್ಯಾನನ್ನೂ ಅಗಲ ಮಾಡಿದರು. ಆ ಗೂಡಿನ ಆಕಾರ ನೋಡಿ ಜನ ಅದನ್ನು ನಾಯಿಗೂಡು ಅಂತಲೇ ಕರೆಯುತ್ತಾರೆ. ಹಳೇ ಎಂಜಿನ್ನಿಗೆ ದುಡ್ಡು ಹಾಕುವುದಾದರೆ ಮೊದಲು ಇದಕ್ಕೆ ಹಾಕಿ, ಕ್ರೋಮಿಗೆ ಆಮೇಲೆ.

ವಾಲ್ವ್ ಹೇಗೆ ಸಾಯುತ್ತದೆ ಅಂತ ನಿಧಾನವಾಗಿ ನೋಡೋಣ. ಎಕ್ಸಾಸ್ಟ್ ವಾಲ್ವ್ ಕೆಂಪಗೆ ಕಾಯುವ ವಸ್ತು. ಅದು ಬಿಸಿ ಇಳಿಸಿಕೊಳ್ಳುವುದು ಮುಖ್ಯವಾಗಿ ಮುಚ್ಚಿ ಸೀಟಿನ ಮೇಲೆ ಕೂತ ಹೊತ್ತಿನಲ್ಲಿ. ವಾಲ್ವಿಗೂ ಅದನ್ನು ಒತ್ತುವ ತೋಳಾದ ರಾಕರಿಗೂ ನಡುವೆ ಆ ಎಂಜಿನ್ನಿಗೆ ಕಂಪನಿ ಹೇಳಿದಷ್ಟು ಕೂದಲೆಳೆಯ ಸಂದು ಇರಬೇಕು, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಅಳೆದು. ಕಾದು ಕಾದು ವಾಲ್ವಿನ ಕಡ್ಡಿ ಎಳೆದುಕೊಂಡು ಉದ್ದವಾಗುತ್ತದೆ, ಸೀಟು ಸವೆಯುತ್ತದೆ, ಸಂದು ಮುಚ್ಚಿಹೋಗುತ್ತದೆ. ಆಗ ವಾಲ್ವ್ ಪೂರ್ತಿ ಕೂರುವುದಿಲ್ಲ, ಬಿಸಿ ಇಳಿಯುವುದಿಲ್ಲ, ಇನ್ನಷ್ಟು ಎಳೆಯುತ್ತದೆ. ಒಂದು ದಿನ ತಲೆ ಕಳಚುತ್ತದೆ.

ಕೆಟ್ಟ ಸಂಗತಿ ಏನೆಂದರೆ, ಸಂದು ಕಡಿಮೆಯಾದಂತೆ ಟ್ಯಾಪೆಟ್ ಸದ್ದೂ (ರಾಕರು ವಾಲ್ವಿಗೆ ಬಡಿಯುವ ಸದ್ದು) ಕಡಿಮೆಯಾಗುತ್ತದೆ. "ಎಂಜಿನ್ ಈಚೆಗೆ ಎಷ್ಟು ನೈಸಾಗಿದೆ ನೋಡಿ ಸಾರ್" ಅಂತ ನನ್ನ ಸ್ನೇಹಿತರು ಹೋದ ವರ್ಷ ಹೆಮ್ಮೆಪಟ್ಟಿದ್ದರು. ನಾನೂ ತಲೆಯಾಡಿಸಿದ್ದೆ. ಸಂದು ಅಳೆಯುವ ಫೀಲರ್ ಗೇಜ್ ನನ್ನ ಜೇಬಿನಲ್ಲೇ ಇತ್ತು.

ಪ್ರತಿ ಐದು ಸಾವಿರ ಕಿಲೋಮೀಟರಿಗೆ ಸಂದು ಅಳೆದು ಪುಸ್ತಕದಲ್ಲಿ ಬರೆದಿಡಿ. ಒಂದೇ ವಾಲ್ವಿನ ಸಂದು ಸಲಸಲಕ್ಕೂ ಮುಚ್ಚುತ್ತಾ ಬಂದರೆ ಸರಿಮಾಡಿ ಓಡಿಸಬೇಡಿ, ಹೆಡ್ ಇಳಿಸಿ.

ಪೆಟ್ರೋಲಿನ ವಿಷಯ ಯಾರಾದರೂ ಕೇಳಿಯೇ ಕೇಳುತ್ತೀರಿ. ಒಂದು ಪಾಲು ಪೆಟ್ರೋಲ್ ಉರಿಯುವುದಕ್ಕೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಈಗಿನ ಪೆಟ್ರೋಲನ್ನು ಕಾರ್ಬುರೇಟರಿನ ಹಳೇ ಜೆಟ್ಟಿನಲ್ಲೇ (ಪೆಟ್ರೋಲ್ ಹರಿಯುವ ಸಣ್ಣ ತೂತು) ಹರಿಸಿದರೆ ಮಿಶ್ರಣ ಶೇಕಡಾ ಎಂಟರಷ್ಟು ತೆಳ್ಳಗಾಗುತ್ತದೆ, ಎಂಜಿನ್ ಇನ್ನಷ್ಟು ಕಾಯುತ್ತದೆ. ಹೊಸ ಕಾರಿನ ಕಂಪ್ಯೂಟರ್ ಸರಿದೂಗಿಸಿಕೊಳ್ಳುತ್ತದೆ. ಸೋಲೆಕ್ಸಿಗೆ ನೀವೇ ಕಂಪ್ಯೂಟರ್. ಮೇನ್ ಜೆಟ್ ಒಂದು ನಂಬರ್ ಏರಿಸಿ ಪ್ಲಗ್ಗಿನ ಬಣ್ಣ ನೋಡಿ. ಕಿಡಿಯ ಟೈಮಿಂಗನ್ನು ಕಿವಿಯಿಂದ ಸೆಟ್ ಮಾಡಬೇಡಿ. ಫ್ಯಾನಿನ ಗದ್ದಲದಲ್ಲಿ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ಟಕಟಕ) ಕೇಳಿಸುವುದೇ ಇಲ್ಲ.

ನೀರಿನ ಎಂಜಿನ್ ಸಾಯುವ ಮುಂಚೆ ಕುದಿಯುತ್ತದೆ, ಹಬೆ ಬಿಡುತ್ತದೆ, ಮುಳ್ಳು ಏರಿಸುತ್ತದೆ. ಬೀಟಲ್‌ಗೆ ಉಷ್ಣತೆಯ ಮುಳ್ಳನ್ನೇ ಕೊಟ್ಟಿರಲಿಲ್ಲ. ಇರುವ ಸೂಚನೆಯೆಂದರೆ ಜನರೇಟರಿನ ಕೆಂಪು ದೀಪ. ಅದು ಹತ್ತಿದರೆ "ಬ್ಯಾಟರಿ ಚಾರ್ಜ್ ಆಗ್ತಿಲ್ಲ, ಮನೆಗೆ ಹೋಗಿ ನೋಡೋಣ" ಅನ್ನುವವರಿದ್ದಾರೆ. ಅದೇ ಬೆಲ್ಟಿನಲ್ಲಿ ಫ್ಯಾನೂ ತಿರುಗುವುದು. ಬೆಲ್ಟ್ ಹರಿದಿದ್ದರೆ ಮನೆಗೆ ಹೋಗುವುದು ಎಂಜಿನ್ ಅಲ್ಲ, ಅದರ ಹೆಣ. ಆ ಕ್ಷಣವೇ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಒಂದು ಬೆಲ್ಟು, ಒಂದು ಸ್ಪ್ಯಾನರ್ ಸದಾ ಸೀಟಿನಡಿ ಇರಲಿ.

ನನ್ನ ಮಾತು ಇಷ್ಟೆ. ಈಗ ಇಬ್ಬಿಬ್ಬರಾಗಿ ಮೇಜಿನ ಹತ್ತಿರ ಬನ್ನಿ. ಟಾರ್ಚ್ ಇದೆ. ಮೂರನೇ ಕುಳಿಯಲ್ಲಿ ವಾಲ್ವ್ ಸೀಟಿನಿಂದ ಪ್ಲಗ್ ತೂತಿನವರೆಗೆ ಕೂದಲೆಳೆಯಂಥ ಬಿರುಕು ಕಾಣುತ್ತದೆ, ಪಕ್ಕದ ನಾಲ್ಕನೆಯದರಲ್ಲಿ ಇಲ್ಲ. ಪಿಸ್ಟನ್ ಮುಟ್ಟುವವರು ಹುಷಾರು, ಅಂಚು ಬ್ಲೇಡಿನ ಹಾಗಿದೆ. ನಿನ್ನೆ ನನ್ನ ಬೆರಳು ಕುಯ್ದಿದೆ.